ಚಾರ್ಟ್ ತೋರಿಸಿ, ಗಂಟು ತೋರಿಸಬೇಡಿ

ಓದುಗರ ಪ್ರಶ್ನೆಗಳಿಗೆ ತುಮಕೂರಿನ ಕಂಪ್ಯೂಟರ್ ಅಂಗಡಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶೇರು ಮತ್ತು ಎಐ ಬಗ್ಗೆಯೇ ಇವೆ. ಪ್ರಿಂಟರ್ ಕಾಗದ ನುಂಗುತ್ತಿದೆ ಅಂತ ಬರೆದವರು ಮುಂದಿನ ತಿಂಗಳವರೆಗೆ ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಒಂದೆರಡು ಗಂಟೆ ಶೇರಿನ ಚಾರ್ಟ್ ನೋಡುತ್ತೇನೆ. ಬೆಂಗಳೂರಿನಿಂದ ಬಂದಿದ್ದ ಅಳಿಯ ನನ್ನ ಲ್ಯಾಪ್‌ಟಾಪಿಗೆ ಒಂದು ಸ್ಕ್ರೀನ್‌ಶಾಟ್ ಟೂಲ್ ಹಾಕಿಕೊಟ್ಟು ಹೋಗಿದ್ದಾನೆ. ‘ಈ ಚಾರ್ಟ್ ನೋಡು’ ಅಂತ ಎಐಗೆ ಹೇಳಿದರೆ ಸಾಕು, ಫೋಟೋ ತಾನೇ ತೆಗೆಸಿಕೊಂಡು ನೋಡಿ ಉತ್ತರ ಕೊಡುತ್ತದೆ. ‘ನಿಮ್ಮ ಗುಟ್ಟು ನಿಮ್ಮಲ್ಲೇ, ನಾವು ಏನನ್ನೂ ಉಳಿಸಿಕೊಳ್ಳುವುದಿಲ್ಲ’ ಅಂತ ಟೂಲಿನಲ್ಲಿ ಬರೆದಿದೆ. ನಂಬಬಹುದೇ?
– ತುರುವೇಕೆರೆಯ ಓದುಗರು

ಉತ್ತರ: ಅರ್ಧ ನಂಬಿ ಮೇಷ್ಟ್ರೇ.

‘ಉಳಿಸಿಕೊಳ್ಳುವುದಿಲ್ಲ’ ಅಂದಿದ್ದಾರೆ. ‘ಎಲ್ಲಿಗೂ ಕಳಿಸುವುದಿಲ್ಲ’ ಅಂದಿದ್ದಾರಾ? ಇನ್ನೊಮ್ಮೆ ಓದಿ ನೋಡಿ. ಎರಡೂ ಒಂದೇ ಅಲ್ಲ.

ಇಂಥ ಟೂಲುಗಳಲ್ಲಿ ಹೆಚ್ಚಿನವು ಎಂಸಿಪಿ ಅನ್ನುವ ಏರ್ಪಾಡಿನ ಮೇಲೆ ನಡೆಯುತ್ತವೆ. ಎಐ ಮತ್ತು ನಿಮ್ಮ ಕಂಪ್ಯೂಟರಿನ ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಒಂದು ಸಾಮಾನ್ಯ ರೀತಿ ಇರಲಿ ಅಂತ 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಇದನ್ನು ಹೊರತಂದಿತು. ಆಮೇಲೆ ಬೇರೆ ಕಂಪನಿಗಳೂ ಒಪ್ಪಿಕೊಂಡವು. ಇದರಲ್ಲಿ ಟೂಲಿನ ಕೆಲಸ ಆಫೀಸಿನ ಅಟೆಂಡರ್ ಕೆಲಸ. ಸಾಹೇಬರು ‘ಆ ಫೈಲ್ ತಗೊಂಡು ಬಾ’ ಅಂತಾರೆ. ಅವನು ತಂದುಕೊಡುತ್ತಾನೆ. ತನ್ನ ಜೇಬಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ, ಅದು ನಿಜ. ಆದರೆ ಸಾಹೇಬರು ಕೂತಿರುವುದು ನಿಮ್ಮ ಮನೆಯಲ್ಲಲ್ಲ. ಚಾಟ್‌ಜಿಪಿಟಿಯೋ ಕ್ಲಾಡೋ ಆಗಿದ್ದರೆ, ಫೋಟೋ ಇಂಟರ್ನೆಟ್ ದಾಟಿ ಆ ಕಂಪನಿಯ ಕಂಪ್ಯೂಟರಿಗೆ ಹೋಗಲೇಬೇಕು. ಹೋಗದೆ ಅದು ನೋಡುವುದಾದರೂ ಹೇಗೆ? ಅಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದನ್ನು ಆ ಕಂಪನಿಯ ನಿಯಮ ಮತ್ತು ನಿಮ್ಮ ಸೆಟ್ಟಿಂಗ್ಸ್ ತೀರ್ಮಾನಿಸುತ್ತವೆ. ಟೂಲ್ ಮಾಡಿದವನಿಗೆ ಅದರ ಮೇಲೆ ಹಿಡಿತವಿಲ್ಲ. ನಿಮ್ಮ ಮಾತುಕತೆಯನ್ನು ಎಐ ತರಬೇತಿಗೆ ಬಳಸಬೇಡಿ ಅನ್ನುವ ಆಯ್ಕೆ ಈ ಎರಡರಲ್ಲೂ ಇದೆ. ಇವತ್ತೇ ಒತ್ತಿಬಿಡಿ. ಒತ್ತಿದ ಕೂಡಲೇ ಎಲ್ಲ ಅಳಿಸಿಹೋಯಿತು ಅಂತ ಮಾತ್ರ ತಿಳಿಯಬೇಡಿ.

ಹಾಗಂತ ಅಳಿಯನ ಮೇಲೆ ಸಿಟ್ಟಾಗಬೇಡಿ. ಒಳ್ಳೆಯ ಟೂಲ್ ಒಂದು ದೊಡ್ಡ ಉಪಕಾರ ಮಾಡುತ್ತದೆ. ಇಡೀ ಪರದೆ ಬಿಟ್ಟು ನೀವು ತೋರಿಸಿದ ಒಂದು ವಿಂಡೋವನ್ನಷ್ಟೇ ಹಿಡಿಯುತ್ತದೆ. ಇಡೀ ಪರದೆಯ ಫೋಟೋ ಅಂದರೆ ಏನೇನು ಬರುತ್ತದೆ ಗೊತ್ತಲ್ಲ. ಮೂಲೆಯಲ್ಲಿ ಹಾರಿಬರುವ ವಾಟ್ಸಾಪ್ ಸಂದೇಶ, ಬ್ಯಾಂಕಿನ ಮೇಲ್, ಪಕ್ಕದಲ್ಲಿ ತೆರೆದಿಟ್ಟ ಪ್ಯಾನ್ ಕಾರ್ಡ್, ಎಲ್ಲವೂ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಅಂತ ಒಂದು ಸೌಲಭ್ಯ ಪ್ರಕಟಿಸಿತ್ತು. ಪರದೆಯ ಫೋಟೋವನ್ನು ಕೆಲವೇ ಸೆಕೆಂಡಿಗೊಮ್ಮೆ ತಾನೇ ತೆಗೆದಿಡುವಂಥದ್ದು. ಜನ ಎಷ್ಟು ಗಲಾಟೆ ಮಾಡಿದರು ಅಂದರೆ ಕಂಪನಿ ಅದನ್ನು ಮುಂದಕ್ಕೆ ಹಾಕಿ, ತಿದ್ದಿ, ಆಮೇಲೆ ಬಿಡಬೇಕಾಯಿತು.

ಆದರೆ ಒಂದು ವಿಂಡೋ ಅಂದ ಮಾತ್ರಕ್ಕೆ ನೆಮ್ಮದಿ ಅಂತಲ್ಲ. ನಿಮ್ಮ ಚಾರ್ಟ್ ಎಲ್ಲಿ ತೆರೆದಿದೆ ನೋಡಿ. ಬ್ರೋಕರ್ ಸೈಟಿನಲ್ಲಿ ಲಾಗಿನ್ ಆಗಿ ನೋಡುತ್ತಿದ್ದರೆ ಮೇಲೆ ಬಲಗಡೆ ನಿಮ್ಮ ಕ್ಲೈಂಟ್ ನಂಬರ್ ಇರುತ್ತದೆ. ಎಡಗಡೆ ನೀವು ಕಣ್ಣಿಟ್ಟಿರುವ ಶೇರುಗಳ ಪಟ್ಟಿ. ಚಾರ್ಟಿನ ಮೇಲೆಯೇ ಒಂದು ಗೆರೆ, ಅದರ ಪಕ್ಕ ನೀವು ಯಾವ ಬೆಲೆಗೆ ಎಷ್ಟು ಕೊಂಡಿದ್ದೀರಿ, ಈಗ ಎಷ್ಟು ಲಾಭ ಎಷ್ಟು ನಷ್ಟ. ಇದೆಲ್ಲ ಅದೇ ವಿಂಡೋದ ಒಳಗಿದೆ. ಟೂಲ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹೇಳಿದ್ದನ್ನೇ ಹಿಡಿಯುತ್ತದೆ, ಅಲ್ವಾ?

ನನಗೆ ಈ ವಿಷಯದಲ್ಲಿ ಪುಕ್ಕಲುತನ ಬಂದಿದ್ದು ಓದಿ ಅಲ್ಲ. ಅಂಗಡಿ ಇಡುವ ಮೊದಲು ಅಶೋಕ ರಸ್ತೆಯ ಒಂದು ಶೇರು ಆಫೀಸಿನಲ್ಲಿ 14 ವರ್ಷ ಟರ್ಮಿನಲ್ ಮುಂದೆ ಕೂತಿದ್ದೆ. ಗ್ರಾಹಕರು ಬೆನ್ನ ಹಿಂದೆ ನಿಂತು ಆರ್ಡರ್ ಹೇಳುತ್ತಿದ್ದರು. ನಿಂತವರಲ್ಲಿ ಅರ್ಧ ಜನ ತಮ್ಮ ಶೇರು ನೋಡೋಕೆ ಬಂದವರೇ ಅಲ್ಲ. ಚಿಕ್ಕಪೇಟೆ ಜವಳಿ ಅಂಗಡಿಯವರು ಏನು ತಗೊಂಡ್ರು ಅಂತ ನೋಡೋಕೆ ಬಂದವರು. ಮಾನಿಟರ್ ಗೋಡೆ ಕಡೆಗೆ ಓರೆಯಾಗಿ ತಿರುಗಿಸಿಕೊಂಡು ಕೆಲಸ ಮಾಡಿ ಮಾಡಿ ನನ್ನ ಕತ್ತು ಈಗಲೂ ಎಡಕ್ಕೇ ವಾಲುತ್ತದೆ.

ಇಷ್ಟೆಲ್ಲ ಜಾಣತನ ಇದ್ದವಳು 2021ರಲ್ಲಿ ಏನು ಮಾಡಿದೆ ಕೇಳಿ. ಒಂದು ಚಾರ್ಟ್ ಚೆನ್ನಾಗಿ ಕಂಡಿತು ಅಂತ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ಹೊಡೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂಲೆಯಲ್ಲಿ ಖಾತೆಯಲ್ಲಿದ್ದ ದುಡ್ಡಿನ ಮೊತ್ತ ಇತ್ತು. ಚಾರ್ಟನ್ನು ಯಾರೂ ನೋಡಲಿಲ್ಲ. ಮೂರನೇ ದಿನ ನಮ್ಮ ಯಜಮಾನರ ತಮ್ಮ ಕೊರಟಗೆರೆಯಿಂದ ಬಂದರು. ಕಾಫಿ ಕುಡಿದರು. ಬೋರ್‌ವೆಲ್ ಕೊರೆಸಬೇಕು ಅತ್ತಿಗೆ, ಅಂದರು. ಕೇಳಿದ ಮೊತ್ತ ಆ ಮೂಲೆಯಲ್ಲಿದ್ದದ್ದಕ್ಕಿಂತ ಬರೀ ಎರಡು ಸಾವಿರ ಕಮ್ಮಿ. ದುಡ್ಡು ಕೊಟ್ಟೆ. ಬೋರಿನಲ್ಲಿ ನೀರು ಬಂತು. ದುಡ್ಡು ಇನ್ನೂ ಬಂದಿಲ್ಲ.

ಸಿದ್ಧಗಂಗೆ ಜಾತ್ರೆಯಲ್ಲಿ ದನದ ವ್ಯಾಪಾರ ನೋಡಿದ್ದೀರಲ್ಲ ಮೇಷ್ಟ್ರೇ. ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾರೆ. ನಡೆಸಿ ತೋರಿಸುತ್ತಾರೆ. ಬೆಲೆ ಮಾತ್ರ ಟವೆಲ್ ಅಡಿಯಲ್ಲಿ ಬೆರಳು ಹಿಡಿದು. ಶೇರುಪೇಟೆಯ ಸೂಚ್ಯಂಕವಾದ ನಿಫ್ಟಿಯ ಚಾರ್ಟ್ ಇಡೀ ಊರಿಗೆ ಗೊತ್ತಿರುವ ಎತ್ತು. ಅದರ ಹಲ್ಲು ಎಐಗೆ ಧಾರಾಳವಾಗಿ ತೋರಿಸಿ. ನೀವು ಎಷ್ಟಕ್ಕೆ ಕೊಂಡಿರಿ, ಕೈಯಲ್ಲಿ ಎಷ್ಟಿದೆ ಅನ್ನುವುದು ಟವೆಲ್ ಅಡಿಯಲ್ಲೇ ಇರಲಿ.

ಹೇಗೆ ಅಂದರೆ, ಎಐಗೆ ತೋರಿಸಲು ಅಂತಲೇ ಬೇರೆ ಬ್ರೌಸರ್ ಇಟ್ಟುಕೊಳ್ಳಿ. ಕ್ರೋಮ್‌ನಲ್ಲಿ ವ್ಯವಹಾರ ಮಾಡುತ್ತಿದ್ದರೆ ಇದಕ್ಕೆ ಫೈರ್‌ಫಾಕ್ಸ್. ಅದರಲ್ಲಿ ಬ್ರೋಕರ್ ಸೈಟಿಗೆ ಲಾಗಿನ್ ಆಗಲೇಬೇಡಿ. ಲಾಗಿನ್ ಇಲ್ಲದೆ ಚಾರ್ಟ್ ತೋರಿಸುವ ಸೈಟುಗಳು ಬೇಕಾದಷ್ಟಿವೆ. ಎಫ್11 ಒತ್ತಿದರೆ ಬ್ರೌಸರಿನ ಟ್ಯಾಬುಗಳು, ಬುಕ್‌ಮಾರ್ಕ್ ಪಟ್ಟಿ ಎಲ್ಲ ಮರೆಯಾಗಿ ಚಾರ್ಟಿನ ಪುಟ ಮಾತ್ರ ಉಳಿಯುತ್ತದೆ. ನೋಟಿಫಿಕೇಶನ್ ಆಫ್ ಮಾಡಿ. ಆಮೇಲೆ ಒಂದು ಪರೀಕ್ಷೆ. ನೋಟ್‌ಪ್ಯಾಡ್ ತೆರೆದು ‘ನಮ್ಮ ಮನೆ ಬೆಕ್ಕಿನ ಹೆಸರು ಸುಬ್ಬಿ’ ಅಂತ ಬರೆದು ಚಾರ್ಟಿನ ಮೇಲೆ ಅರ್ಧ ಮುಚ್ಚುವಂತೆ ಇಡಿ. ಈಗ ‘ಚಾರ್ಟ್ ನೋಡು, ಫೋಟೋದಲ್ಲಿ ಕಂಡ ಪ್ರತಿಯೊಂದು ಅಕ್ಷರ ಹೇಳು’ ಅಂತ ಎಐಗೆ ಕೇಳಿ. ಸುಬ್ಬಿ ಹೆಸರು ಬಂದರೆ ನಿಮ್ಮ ಟೂಲ್ ಪರದೆಯ ಜಾಗವನ್ನು ಹಿಡಿಯುತ್ತಿದೆ, ವಿಂಡೋವನ್ನಲ್ಲ. ನಾಳೆ ಅದೇ ಜಾಗದಲ್ಲಿ ಒಟಿಪಿ ಬಂದರೆ ಅದೂ ಹೋಗುತ್ತದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ನನ್ನ ಅಂಗಡಿಗೆ ಬಂದ ಒಂದು ಟೂಲ್ ಇದರಲ್ಲಿ ಚೆನ್ನಾಗಿಯೇ ಸಿಕ್ಕಿಬಿತ್ತು.

ಇನ್ನೊಂದು ಮಾತು. ಮ್ಯಾಕ್ ಕಂಪ್ಯೂಟರಿನಲ್ಲಿ ಪರದೆ ಹಿಡಿಯುವ ಪ್ರೋಗ್ರಾಂ ಮೊದಲು ನಿಮ್ಮ ಅನುಮತಿ ಕೇಳಬೇಕು. ವಿಂಡೋಸ್‌ನಲ್ಲಿ ಮಾಮೂಲಿ ಪ್ರೋಗ್ರಾಂಗಳು ಕೇಳದೆಯೇ ಹಿಡಿಯಬಹುದು. ಹಾಗಾಗಿ ಟೂಲನ್ನು ಎಲ್ಲಿಂದ ಇಳಿಸಿದ್ದು ಅಂತ ಅಳಿಯನನ್ನು ಒಮ್ಮೆ ಕೇಳಿ. ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೆ ಒಳ್ಳೆಯದು. ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಫೈಲ್ ಅಂದರೆ ಇವತ್ತೇ ತೆಗೆಸಿ.

ಪ್ರಶ್ನೆ: ನಾನು ಟೂಲ್ ಗೀಲ್ ಏನೂ ಬಳಸಲ್ಲ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು, ನಂಬರ್ ಇರುವ ಜಾಗ ಕತ್ತರಿಸಿ, ಇಲ್ಲವೇ ಪೆನ್ನಿನಿಂದ ಗೀಚಿ ಎಐಗೆ ಕಳಿಸುತ್ತೇನೆ. ಅಷ್ಟು ಸಾಕಲ್ವಾ?
– ಗುಬ್ಬಿಯ ಓದುಗರು

ಉತ್ತರ: ಕತ್ತರಿಸುವುದು ಸಾಮಾನ್ಯವಾಗಿ ಸಾಕು. ಆದರೂ ಒಂದು ಕತೆ ಕೇಳಿ. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಫೋಟೋ ತಿದ್ದುವ ಸೌಲಭ್ಯದಲ್ಲಿ ಒಂದು ತಪ್ಪು ಹೊರಬಿತ್ತು. ಕತ್ತರಿಸಿ ಉಳಿಸಿದಾಗ ಹೊಸ ಚಿಕ್ಕ ಚಿತ್ರ ಹಳೆಯ ಫೈಲಿನ ಮೇಲೆಯೇ ಬರೆಯುತ್ತಿತ್ತು, ಆದರೆ ಹಳೆಯದರ ಬಾಲ ಹಾಗೇ ಉಳಿಯುತ್ತಿತ್ತು. ಆ ಬಾಲ ಹಿಡಿದು ಕತ್ತರಿಸಿದ ಭಾಗವನ್ನು ಮತ್ತೆ ತೆಗೆಯಬಹುದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲೂ ಅಂಥದ್ದೇ ತಪ್ಪು ಸಿಕ್ಕಿತು. ಎರಡನ್ನೂ ಸರಿಮಾಡಿದ್ದಾರೆ. ನಾನು ಮಾತ್ರ ಕತ್ತರಿಸಿದ ಚಿತ್ರವನ್ನು ತೆರೆದು ಅದರದ್ದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸುತ್ತೇನೆ. ಮಗಳು ನಗುತ್ತಾಳೆ, ನಗಲಿ.

ಗೀಚುವುದು ಬೇಡ. ಐಫೋನಿನ ಹೈಲೈಟರ್ ಪೆನ್ನಿನಲ್ಲಿ ಕಪ್ಪು ಬಳಿದರೆ ಕಣ್ಣಿಗೆ ಮುಚ್ಚಿದಂತೆ ಕಾಣುತ್ತದೆ, ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಇಣುಕುತ್ತದೆ. ಮಸುಕು ಮಾಡುವುದನ್ನೂ ನಂಬಬೇಡಿ. ಮುಚ್ಚಲೇಬೇಕಾದರೆ ಗಟ್ಟಿ ಕಪ್ಪು ಚೌಕ ಇಡಿ.

ಪ್ರಶ್ನೆ: ಎಐಗೆ ಚಾರ್ಟ್ ತೋರಿಸಿ ಸ್ಟಾಪ್‌ಲಾಸ್ (ನಷ್ಟ ಹೆಚ್ಚಾಗುವ ಮೊದಲೇ ಹೊರಬರುವ ಬೆಲೆ) ಕೇಳಿದೆ. ಅದು ಹೇಳಿದ ಬೆಲೆ ಚಾರ್ಟಿನಲ್ಲಿ ಇರಲೇ ಇಲ್ಲ! ಮತ್ತೆ ಕೇಳಿದರೆ ‘ಕ್ಷಮಿಸಿ’ ಅಂತ ಹೇಳಿ ಇನ್ನೊಂದು ತಪ್ಪು ಬೆಲೆ ಹೇಳಿತು. ಚಾರ್ಟ್ ಮೂರು ತಿಂಗಳದ್ದು, 15 ನಿಮಿಷದ ಕ್ಯಾಂಡಲ್ (ಅಷ್ಟು ಹೊತ್ತಿನ ಬೆಲೆ ಏರಿಳಿತ ತೋರಿಸುವ ಒಂದು ಕಡ್ಡಿ).
– ಶಿರಾದ ಓದುಗರು

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಲೆಕ್ಕ ಹಾಕೋಣ. ಮಾರುಕಟ್ಟೆ 9:15ರಿಂದ 3:30ರವರೆಗೆ, ಅಂದರೆ 375 ನಿಮಿಷ. 15 ನಿಮಿಷಕ್ಕೊಂದರಂತೆ ದಿನಕ್ಕೆ 25 ಕ್ಯಾಂಡಲ್. ಮೂರು ತಿಂಗಳಿಗೆ ಸುಮಾರು 60 ವಹಿವಾಟಿನ ದಿನ ಹಿಡಿದರೆ 1,500 ಕ್ಯಾಂಡಲ್. ಮಾಮೂಲಿ ಲ್ಯಾಪ್‌ಟಾಪಿನ ಪರದೆ ಅಡ್ಡಕ್ಕೆ 1,366 ಚುಕ್ಕಿ, ಇಲ್ಲವೇ 1,920. ಒಂದು ಕ್ಯಾಂಡಲ್‌ಗೆ ಎರಡು ಚುಕ್ಕಿಯೂ ಸಿಗಲಿಲ್ಲ! ಅದರ ಮೇಲೆ, ದೊಡ್ಡ ಚಿತ್ರ ಕೊಟ್ಟರೆ ಎಐ ಅದನ್ನು ಕುಗ್ಗಿಸಿ ನೋಡುವುದೂ ಉಂಟು. ಬಲಗಡೆಯ ಸಣ್ಣ ಬೆಲೆಗಳು ಆಗ ಇರುವೆ ಸಾಲಿನಂತೆ ಆಗುತ್ತವೆ. ಅದಕ್ಕೆ ಕಾಣುವುದಿಲ್ಲ. ಕಾಣುವುದಿಲ್ಲ ಅಂತ ಹೇಳುವ ಅಭ್ಯಾಸವೂ ಅದಕ್ಕೆ ಕಮ್ಮಿ. ಇದ್ದಿರಬಹುದಾದ ಒಂದು ಬೆಲೆಯನ್ನು ಧೈರ್ಯವಾಗಿ ಹೇಳಿಬಿಡುತ್ತದೆ.

50-60 ಕ್ಯಾಂಡಲ್ ಮಾತ್ರ ಕಾಣುವಷ್ಟು ದೊಡ್ಡದು ಮಾಡಿ ತೋರಿಸಿ. ಯಾವ ಶೇರು, ಎಷ್ಟು ನಿಮಿಷದ ಕ್ಯಾಂಡಲ್, ಕೊನೆಯದು ಮುಗಿದಿದೆಯಾ ಅಂತ ಬರೆದು ಹೇಳಿ. 3:20ಕ್ಕೆ ತೆಗೆದ ಫೋಟೋದಲ್ಲಿ ಕೊನೆಯ ಕ್ಯಾಂಡಲ್ ಅರ್ಧ ಬೆಂದ ಇಡ್ಲಿ. ಅದರ ಆಕಾರ ನೋಡಿ ಶಕುನ ಹೇಳಿದರೆ ಎಐ ತಪ್ಪಲ್ಲ, ನಿಮ್ಮ ತಪ್ಪು. ಮೊದಲು ಪ್ರಶ್ನೆ ಕೇಳಬೇಡಿ, ಓದಿಸಿ: ‘ಬಲಗಡೆಯ ಅತಿ ಮೇಲಿನ ಬೆಲೆ ಯಾವುದು, ಅತಿ ಕೆಳಗಿನದು ಯಾವುದು, ಕೊನೆಯ ಕ್ಯಾಂಡಲ್ ಕೆಂಪಾ ಹಸಿರಾ?’ ಇದರಲ್ಲೇ ಎಡವಿದರೆ ಮುಂದಿನದು ಕೇಳಿ ಉಪಯೋಗವಿಲ್ಲ.

ಬೆಲೆಯೇ ಮುಖ್ಯ ಅನ್ನುವುದಾದರೆ ಫೋಟೋ ಬಿಟ್ಟುಬಿಡಿ. ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ, ಈ ನಾಲ್ಕು ಅಂಕಿಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ನಕಲು ಮಾಡಿ ಕೊಡಿ. ಕ್ಯಾಂಡಲ್ ಅಂದರೆ ಆ ನಾಲ್ಕು ಅಂಕಿಯ ಚಿತ್ರ ಅಷ್ಟೇ ತಾನೇ? ಪಟ್ಟಿಯಲ್ಲಿ ನಿಮ್ಮ ಕ್ಲೈಂಟ್ ನಂಬರೂ ಇರುವುದಿಲ್ಲ, ಬ್ಯಾಲೆನ್ಸೂ ಇರುವುದಿಲ್ಲ. ತುರುವೇಕೆರೆ ಮೇಷ್ಟ್ರೂ ಇದನ್ನು ಓದಿಕೊಳ್ಳಲಿ.

ಇನ್ನೊಂದು ಆಟ ಆಡಿ ನೋಡಿ. ನಾನು ಆಡಿದ್ದೇನೆ. ಒಂದೇ ಚಾರ್ಟನ್ನು ಎರಡು ಬೇರೆ ಬೇರೆ ಚಾಟಿನಲ್ಲಿ ಹಾಕಿದೆ. ಒಂದರಲ್ಲಿ ‘ಕೊಳ್ಳಬೇಕು ಅಂತಿದ್ದೇನೆ, ಹೇಗಿದೆ?’ ಅಂದೆ. ಇನ್ನೊಂದರಲ್ಲಿ ‘ಮಾರಬೇಕು ಅಂತಿದ್ದೇನೆ’ ಅಂದೆ. ಮೊದಲನೆಯದು ಒಳ್ಳೆ ಬೆಂಬಲದ ಮಟ್ಟ, ಅಂದರೆ ಬೆಲೆ ಇಲ್ಲಿಂದ ಕೆಳಗೆ ಜಾರುವುದು ಕಷ್ಟ, ಅಂತು. ಎರಡನೆಯದು ಏರಿಕೆ ಸುಸ್ತಾಗಿದೆ ಅಂತು. ನಮ್ಮ ಆಫೀಸಿನಲ್ಲಿ ಹಿಂದೆ ಇಂಥ ಒಬ್ಬರು ಸಲಹೆಗಾರರು ಇದ್ದರು, ಅವರಿಗೆ ಸಂಬಳ ಬೇರೆ ಕೊಡಬೇಕಿತ್ತು.

ಸ್ಟಾಪ್‌ಲಾಸ್ ಕೇಳುತ್ತಿದ್ದೀರಿ ಅಂದರೆ ಎಫ್ ಅಂಡ್ ಒ (ಫ್ಯೂಚರ್ಸ್, ಆಪ್ಷನ್ಸ್ ಅನ್ನುವ ಮುಂಗಡ ಒಪ್ಪಂದದ ವಹಿವಾಟು) ಇರಬೇಕು ಅಂತ ನನ್ನ ಗುಮಾನಿ. 2025ರ ಜುಲೈನಲ್ಲಿ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೊಟ್ಟ ಲೆಕ್ಕದಂತೆ 2024-25ರಲ್ಲಿ ಅದರಲ್ಲಿ ಕೈಯಾಡಿಸಿದ ಸಾಮಾನ್ಯ ಜನರಲ್ಲಿ 91% ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.05 ಲಕ್ಷ ಕೋಟಿ ರೂಪಾಯಿ. ಅವರಿಗೆಲ್ಲ ಚಾರ್ಟ್ ಕಾಣದೆ ಹೀಗಾಯಿತು ಅಂತ ನನಗನ್ನಿಸುವುದಿಲ್ಲ.

ಪ್ರಶ್ನೆ: ಒಂದು ಗ್ರೂಪಿನಲ್ಲಿ ‘ನಿಮ್ಮ ಡಿಮ್ಯಾಟ್ ಖಾತೆಯ ಪೂರ್ತಿ ಸ್ಕ್ರೀನ್‌ಶಾಟ್ ಕಳಿಸಿ, ನಮ್ಮ ಎಐ ರೋಬೋ ಪರೀಕ್ಷೆ ಮಾಡಿ ದಿನಕ್ಕೆ 3% ಲಾಭ ತರುತ್ತದೆ’ ಅಂತ ಹೇಳುತ್ತಿದ್ದಾರೆ. ಕಳಿಸಲಾ?
– ಕುಣಿಗಲ್‌ನ ಓದುಗರು

ಉತ್ತರ: ಬೇಡ. ಗ್ರೂಪಿನಿಂದ ಹೊರಗೆ ಬನ್ನಿ. ಈಗಾಗಲೇ ದುಡ್ಡು ಕಳಿಸಿದ್ದರೆ ಈ ಪತ್ರಿಕೆ ಕೆಳಗಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ಅವರಿಗೆ ಚಾರ್ಟ್ ಬೇಕಿಲ್ಲ. ನಿಮ್ಮ ಗಂಟು ಎಷ್ಟು ದೊಡ್ಡದು ಅಂತ ಗೊತ್ತಾಗಬೇಕು. ಅದಕ್ಕೇ ಪೂರ್ತಿ ಸ್ಕ್ರೀನ್‌ಶಾಟ್.

ಪ್ರಶ್ನೆ: ಮನೆಯಲ್ಲಿ ಒಂದೇ ಕಂಪ್ಯೂಟರ್. ಮಗ ಇಂಜಿನಿಯರಿಂಗ್ ಓದುತ್ತಾನೆ. ರಾತ್ರಿ ಹನ್ನೊಂದಾದರೂ ಕೆಂಪು ಹಸಿರು ಗೆರೆಗಳನ್ನು ನೋಡುತ್ತಾ ಎಐ ಜೊತೆ ಟೈಪ್ ಮಾಡುತ್ತಿರುತ್ತಾನೆ. ಪರದೆಯ ಫೋಟೋ ತೆಗೆಯುವ ಏನೋ ಹಾಕಿದ್ದಾನಂತೆ. ನಾನು ಅದರಲ್ಲೇ ನಮ್ಮ ಮಹಿಳಾ ಸಂಘದ ಲೆಕ್ಕ, ಬ್ಯಾಂಕ್ ಕೆಲಸ ಮಾಡುತ್ತೇನೆ. ತೊಂದರೆ ಇದೆಯಾ?
– ಮಧುಗಿರಿಯ ಓದುಗರು

ಉತ್ತರ: ವಿಂಡೋಸ್‌ನಲ್ಲಿ ನಿಮಗೆ ಬೇರೆ ಯೂಸರ್ ಖಾತೆ ಮಾಡಿಸಿಕೊಳ್ಳಿ, ನಿಮ್ಮದೇ ಪಾಸ್‌ವರ್ಡ್ ಇಡಿ. ಅವನ ಖಾತೆಯಲ್ಲಿ ನಡೆಯುವ ಟೂಲ್ ನಿಮ್ಮ ಪರದೆಯ ಫೋಟೋ ತೆಗೆಯುವುದಿಲ್ಲ. ಅವನ ಖಾತೆಗೆ ಅಡ್ಮಿನ್ ಅಧಿಕಾರ ಬೇಡ, ಅದು ನಿಮ್ಮ ಹೆಸರಲ್ಲಿರಲಿ. ಸಂಘದ ಲೆಕ್ಕ ಹತ್ತಾರು ಜನರದ್ದು, ನಿಮ್ಮೊಬ್ಬರದಲ್ಲ.

ಆ ‘ರಾತ್ರಿ ಹನ್ನೊಂದು’ ಅನ್ನುವ ಮಾತು ನನ್ನನ್ನು ತಡೆದು ನಿಲ್ಲಿಸಿತು. ಶೇರು ಮಾರುಕಟ್ಟೆ ಮಧ್ಯಾಹ್ನ 3:30ಕ್ಕೇ ಮುಗಿಯುತ್ತದೆ. ರಾತ್ರಿ ಚಾರ್ಟ್ ಅಲುಗಾಡುತ್ತಿದ್ದರೆ ಅದು ಸರಕುಗಳ ವಿನಿಮಯ ಪೇಟೆಯಾದ ಎಂಸಿಎಕ್ಸ್‌ನ ಚಿನ್ನ, ಬೆಳ್ಳಿ, ಕಚ್ಚಾತೈಲ ಇರಬಹುದು. ಅದು ರಾತ್ರಿ 11:30ರವರೆಗೆ, ಚಳಿಗಾಲದಲ್ಲಿ 11:55ರವರೆಗೆ ನಡೆಯುತ್ತದೆ. ಇಲ್ಲವೇ ಕ್ರಿಪ್ಟೋ, ಅದಕ್ಕೆ ನಿದ್ದೆಯೇ ಇಲ್ಲ. ಕ್ರಿಪ್ಟೋ ಲಾಭಕ್ಕೆ 30% ತೆರಿಗೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅಥವಾ ಸುಮ್ನೆ ಹಳೆಯ ಚಾರ್ಟ್ ಇಟ್ಟುಕೊಂಡು ಕಲಿಯುತ್ತಿರಬಹುದು, ಅದೂ ಸಾಧ್ಯ. ಬೈಯಬೇಡಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ‘ಇದೇನಪ್ಪಾ, ನನಗೂ ಹೇಳಿಕೊಡು’ ಅನ್ನಿ. ನಿಜವಾದ ದುಡ್ಡು ಹಾಕಿದ್ದರೆ ಐದು ನಿಮಿಷದಲ್ಲಿ ಮುಖದಲ್ಲೇ ಗೊತ್ತಾಗುತ್ತದೆ. ಶೇರು ಆಫೀಸಿನಲ್ಲಿ ನಾನು ಕಲಿತ ಒಂದೇ ಚಾರ್ಟ್ ಓದುವ ವಿದ್ಯೆ ಅದು.

ಪ್ರಶ್ನೆ: ಫೋಟೋ ಹೊರಗೆ ಹೋಗುವುದೇ ಬೇಡ ಅಂದರೆ ಎಐಯನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದಾ? ನನ್ನದು 2017ರ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್.
– ಚಿಕ್ಕನಾಯಕನಹಳ್ಳಿಯ ಓದುಗರು

ಉತ್ತರ: ಇಟ್ಟುಕೊಳ್ಳಬಹುದು, ನಿಮ್ಮದರಲ್ಲಿ ಕಷ್ಟ. ಎಐಯನ್ನು ನಮ್ಮ ಕಂಪ್ಯೂಟರಿನಲ್ಲೇ ನಡೆಸುವ ಒಲ್ಲಾಮ ಅನ್ನುವ ಉಚಿತ ಪ್ರೋಗ್ರಾಂ ಹಾಕಿ, ಅದರಲ್ಲಿ ಚಿತ್ರ ನೋಡಬಲ್ಲ, ಗೂಗಲ್‌ನ ಗೆಮ್ಮಾ 3ರಂಥ ಎಐ ಮಾದರಿ ಇಳಿಸಿಕೊಳ್ಳಬೇಕು. ಚಿತ್ರ ನೋಡುವ ಗೆಮ್ಮಾಗಳಲ್ಲಿ ಚಿಕ್ಕದೇ ಮೂರು ಜಿಬಿ ದಾಟುತ್ತದೆ. 4 ಜಿಬಿ ರ್‍ಯಾಮಿನಲ್ಲಿ ವಿಂಡೋಸಿಗೇ ಕಾಲು ಚಾಚಲು ಜಾಗವಿಲ್ಲ. ಅಂಗಡಿಯ 16 ಜಿಬಿ ಯಂತ್ರದಲ್ಲಿ ನಾನು ಹಾಕಿ ನೋಡಿದೆ. ಎಐಗೆ ವೇಗ ಕೊಡುವ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಇಲ್ಲ. ಚಾರ್ಟ್ ಕೊಟ್ಟು, ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದಾಗ ಉತ್ತರ ಇನ್ನೂ ಅರ್ಧ ಬಂದಿತ್ತು. ಏರಿಕೆ ಇಳಿಕೆ ಸರಿ ಹೇಳಿತು, ಬೆಲೆಗಳನ್ನು ತಪ್ಪು ಓದಿತು. ಆದರೆ ಇಂಟರ್ನೆಟ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಇದನ್ನೆಲ್ಲ ಮಾಡಿದ್ದೆ. ಫೋಟೋ ಎಲ್ಲೂ ಹೋಗಿಲ್ಲ ಅಂತ ಖಾತ್ರಿ ಇತ್ತು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ರ್‍ಯಾಮ್ ಸ್ಲಾಟ್ ಖಾಲಿ ಇದೆಯಾ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟಕ್ಕೆ ಹೋದರೆ ‘1 ಆಫ್ 2’ ಅಂತಲೋ ‘2 ಆಫ್ 2’ ಅಂತಲೋ ಬರೆದಿರುತ್ತದೆ. ಮೊದಲನೆಯದಾದರೆ 8 ಜಿಬಿಯ ಒಂದು ಕಡ್ಡಿ ಸೇರಿಸಿ ಆಮೇಲೆ ಬರೆಯಿರಿ. ಎರಡನೆಯದಾದರೆ ಸದ್ಯಕ್ಕೆ ಎಕ್ಸೆಲ್ ಪಟ್ಟಿಯಲ್ಲೇ ಕೆಲಸ ನಡೆಸಿ.